ರಚ್ಚೆ ಹಿಡಿದ ಮಗುವಿಗೆ ಗುಮ್ಮನ ಭಯ ಬೇಡ

ಮಕ್ಕಳೇ, ಶಾಲೆ ಬಿಟ್ಟು ಮನೆಗೆ ಹೋದ ಮೇಲೆ ನಿಮ್ಮಲ್ಲಿ ಅನೇಕರಿಗೆ ಇನ್ನೊಂದು ಕೆಲಸ ಕಾದಿರುತ್ತದೆ. ಅಮ್ಮ ಅಡಿಕೆ ಸುಲಿಯಲು ಹೋಗಿರುತ್ತಾರೆ, ಅಪ್ಪ ತೋಟದಿಂದ ಇನ್ನೂ ಬಂದಿರುವುದಿಲ್ಲ. ಎರಡು ಮೂರು ವರ್ಷದ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವ ಹೊಣೆ ನಿಮ್ಮದು. ಅದು ಆಡಿಕೊಂಡಿದ್ದರೆ ತೊಂದರೆಯಿಲ್ಲ. ಇದ್ದಕ್ಕಿದ್ದಂತೆ ನೆಲಕ್ಕೆ ಬಿದ್ದು ಕಾಲು ಬಡಿಯಲು ಶುರು ಮಾಡಿದರೆ? ಪಕ್ಕದ ಮನೆಯವರು ಇಣುಕುತ್ತಾರೆ. "ಏನು ಮಾಡಿದ್ಯೇ ಮಗೂಗೆ?" ಎಂಬ ಬೈಗುಳ ಬೀಳುವುದು ನಿಮಗೇ. ಆಗ ನಿಮ್ಮ ಕೈಯೂ ಮೇಲೇಳುತ್ತದೆ. ಆದ್ದರಿಂದ ಈ ವಿಷಯವನ್ನು ದೊಡ್ಡವರಿಗಿಂತ ಮೊದಲು ನಿಮಗೇ ಹೇಳಬೇಕು ಎಂದು ನನಗೆ ಅನಿಸುತ್ತದೆ.

ಬೀರೂರು ಜಂಕ್ಷನ್ನಿನಲ್ಲಿ ಇಂಥ ದೃಶ್ಯವನ್ನು ನೀವು ನೋಡಿರಬಹುದು. ಶಿವಮೊಗ್ಗದ ರೈಲು ತಡವಾಗಿದೆ. ಪುಟ್ಟ ಮಗುವೊಂದು ಬಲೂನು ಬೇಕೆಂದು ಅಳುತ್ತಿದೆ. ಅಮ್ಮ ಬೇಡ ಎನ್ನುತ್ತಾರೆ. ಅಳು ಜೋರಾಗುತ್ತದೆ. ಕೊನೆಗೆ ಸೋತು ಬಲೂನು ಕೊಡಿಸುತ್ತಾರೆ. ಮಗು ಅದನ್ನೂ ಬಿಸಾಡಿ ಇನ್ನಷ್ಟು ಚೀರುತ್ತದೆ! ಸುತ್ತ ಇದ್ದವರೆಲ್ಲ "ಎಂಥ ಹಠಮಾರಿ" ಎನ್ನುತ್ತಾರೆ. ಆದರೆ ಗಮನಿಸಿ. ಬಲೂನಿಗಾಗಿ ಅತ್ತದ್ದು ಹಠ. ಬಲೂನು ಸಿಕ್ಕಿದ ಮೇಲೂ ಅತ್ತದ್ದು ಹಠವಲ್ಲ, ಅದು ರಚ್ಚೆ. ಹಠ ಮಾಡುವ ಮಗುವಿಗೆ ತನಗೇನು ಬೇಕೆಂದು ಗೊತ್ತಿರುತ್ತದೆ. ರಚ್ಚೆ ಹಿಡಿದ ಮಗುವಿಗೆ ಗೊತ್ತಿರುವುದಿಲ್ಲ. ಅದಕ್ಕೆ ನಿಲ್ಲಿಸಬೇಕೆಂದರೂ ನಿಲ್ಲಿಸಲು ಬರುವುದಿಲ್ಲ.

ಏಕೆ ಬರುವುದಿಲ್ಲ? ನಮ್ಮ ಮಿದುಳಿನ ಒಳಗೆ ಬಾದಾಮಿ ಬೀಜದ ಆಕಾರದ ಒಂದು ಭಾಗವಿದೆ. ಅದರ ಹೆಸರು ಅಮಿಗ್ಡಲ. ಭಯ, ಕೋಪಗಳು ಏಳುವುದರಲ್ಲಿ ಅದರ ಪಾತ್ರ ದೊಡ್ಡದು. ಹುಟ್ಟಿದಾಗಿನಿಂದಲೇ ಅದು ಕೆಲಸ ಮಾಡುತ್ತಿರುತ್ತದೆ. ಎದ್ದ ಕೋಪವನ್ನು ತಡೆಯುವ, "ಸ್ವಲ್ಪ ತಾಳು" ಎನ್ನುವ ಕೆಲಸ ಹಣೆಯ ಹಿಂದಿರುವ ಭಾಗದ್ದು. ಇದು ಬಹಳ ನಿಧಾನವಾಗಿ ಬಲಿಯುತ್ತದೆ. ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ! ಅಂದರೆ ಎರಡು ವರ್ಷದ ಮಗುವಿಗೆ ಇಂಜಿನ್ ಬಂದಿದೆ, ಬ್ರೇಕ್ ಇನ್ನೂ ಸರಿಯಾಗಿ ಬಂದಿಲ್ಲ. ಒಳ್ಳೆಯ ಬ್ರೇಕ್ ಇರುವ ಗೂಡ್ಸ್ ರೈಲೇ ಬ್ರೇಕ್ ಹಾಕಿದ ಕೂಡಲೇ ನಿಲ್ಲುವುದಿಲ್ಲ, ಬಹಳ ದೂರ ಸಾಗಿ ನಿಲ್ಲುತ್ತದೆ. ಇನ್ನು ಈ ಪಾಪದ ಮಗು ಏನು ಮಾಡೀತು? ಇನ್ನೊಂದು ಕಷ್ಟವೂ ಉಂಟು. ಈ ವಯಸ್ಸಿನಲ್ಲಿ ಅರ್ಥವಾಗುವ ಮಾತು ಹೆಚ್ಚು, ಆಡಲು ಬರುವ ಮಾತು ಕಡಿಮೆ. "ನನಗೆ ನಿದ್ದೆ ಬರುತ್ತಿದೆ, ಈ ಗಲಾಟೆ ಸಾಕಾಗಿದೆ" ಎಂದು ಹೇಳಲು ಅದಕ್ಕೆ ಪದಗಳಿಲ್ಲ.

ಈ ರಚ್ಚೆಯನ್ನು ವಿಜ್ಞಾನಿಗಳೂ ಅಳೆದು ನೋಡಿದ್ದಾರೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಫ್ಲಾರೆನ್ಸ್ ಗುಡೆನಫ್ ಎಂಬ ಮನೋವಿಜ್ಞಾನಿ ತಾಯಂದಿರ ಕೈಗೆ ನೋಟ್‌ಬುಕ್ ಕೊಟ್ಟು, ಮಗು ಸಿಟ್ಟಾದಾಗಲೆಲ್ಲ ಬರೆದಿಡಲು ಹೇಳಿದರು. 45 ಮಕ್ಕಳ 1,878 ಸಿಟ್ಟುಗಳು ದಾಖಲಾದವು. 1931ರಲ್ಲಿ ಅದು ಪುಸ್ತಕವಾಗಿ ಬಂತು. ಊಟದ ಹೊತ್ತಿಗೆ ಮುಂಚೆ, ಅಂದರೆ ಹಸಿದಾಗ, ಮಕ್ಕಳ ಸಿಟ್ಟು ಹೆಚ್ಚು ಎಂಬುದು ಆಗ ಕಂಡುಬಂತು. ಮೈಗೆ ಹುಷಾರಿಲ್ಲದಾಗಲೂ ಹಾಗೆಯೇ. ಮುಂದೆ 2003ರಲ್ಲಿ ಮೈಕೆಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್ಸನ್ ಮುನ್ನೂರಕ್ಕೂ ಹೆಚ್ಚು ಮಕ್ಕಳ ವಿವರ ಕಲೆಹಾಕಿದರು. ನಾಲ್ಕರಲ್ಲಿ ಮೂರು ಪಾಲು ರಚ್ಚೆಗಳು ಐದು ನಿಮಿಷದೊಳಗೇ ಮುಗಿದಿದ್ದವು. 2011ರಲ್ಲಿ ಪೊಟೆಗಲ್ ಮತ್ತು ಸಂಗಡಿಗರು ಮಕ್ಕಳ ಅಂಗಿಯೊಳಗೆ ಪುಟ್ಟ ಮೈಕ್ ಇಟ್ಟು ಅಳುವಿನ ಸದ್ದನ್ನೇ ಅಭ್ಯಾಸ ಮಾಡಿದರು. ಚೀರಾಟದಲ್ಲಿ ಸಿಟ್ಟಿನ ದನಿ ಏರಿ ಇಳಿಯುತ್ತದೆ. ದುಃಖದ ದನಿ ಮಾತ್ರ ಉದ್ದಕ್ಕೂ ಇರುತ್ತದೆ. ಕಿರುಚುತ್ತಿರುವ ಮಗು ಒಳಗೊಳಗೇ ದುಃಖದಲ್ಲೂ ಇದೆ ಎಂದಾಯಿತು.

ಆ ಐದು ನಿಮಿಷದ ಲೆಕ್ಕವನ್ನು ನೆನಪಿಡಿ. ಮಗು ರಚ್ಚೆ ಹಿಡಿದರೆ ಕೆಲವು ಮನೆಗಳಲ್ಲಿ ದೃಷ್ಟಿಯಾಗಿದೆ ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಮಗು ಸುಮ್ಮನಾಗುತ್ತದೆ. "ನೋಡಿದ್ಯಾ?" ಎನ್ನುತ್ತಾರೆ ಅಜ್ಜಿ. ಉಪ್ಪು, ಮೆಣಸಿನಕಾಯಿ ಹುಡುಕಿ ತಂದು ಮೂರು ಸುತ್ತು ನಿವಾಳಿಸುವಷ್ಟರಲ್ಲಿ ಎಷ್ಟು ನಿಮಿಷವಾಯಿತು? ಗಡಿಯಾರ ನೋಡಿ. ಅಜ್ಜಿಯ ಜೊತೆ ಜಗಳಕ್ಕೆ ಹೋಗಬೇಡಿ, ಅವರದೂ ಪ್ರೀತಿಯೇ.

ನನಗೆ ನಿಜವಾಗಿ ತಕರಾರು ಇರುವುದು ಹೆದರಿಸುವುದರ ಬಗ್ಗೆ. "ಗುಮ್ಮ ಬರ್ತಾನೆ", "ಪೊಲೀಸರಿಗೆ ಹಿಡಿದುಕೊಡ್ತೀನಿ", "ಡಾಕ್ಟರ ಹತ್ತಿರ ಸೂಜಿ ಚುಚ್ಚಿಸ್ತೀನಿ". ಇವನ್ನು ಹೇಳದ ಮನೆಯೇ ಇಲ್ಲವೇನೋ. ಮಗು ಆಗ ಸುಮ್ಮನಾದರೂ ಅದರ ದುಃಖ ಕಡಿಮೆಯಾಗಿರುವುದಿಲ್ಲ, ಜೊತೆಗೆ ಭಯವೂ ಸೇರಿಕೊಂಡಿರುತ್ತದೆ. ಮುಂದೊಂದು ದಿನ ಅದೇ ಮಗು ರೈಲು ನಿಲ್ದಾಣದ ಜನಜಂಗುಳಿಯಲ್ಲಿ ತಪ್ಪಿಸಿಕೊಂಡಿತು ಎನ್ನಿ. ಹತ್ತಿರದಲ್ಲೇ ರೈಲ್ವೆ ಪೊಲೀಸರು ನಿಂತಿದ್ದಾರೆ. ಅದು ಅವರ ಬಳಿ ಓಡಿಹೋಗುತ್ತದೆಯೇ, ಅವರನ್ನು ಕಂಡು ಅಡಗುತ್ತದೆಯೇ? ಜ್ವರ ಬಂದಾಗ ಆಸ್ಪತ್ರೆಯ ಬಾಗಿಲಲ್ಲೇ ಚೀರಲು ಶುರು ಮಾಡಿದರೆ ತಪ್ಪು ಯಾರದು? ಸಹಾಯಕ್ಕೆಂದು ಇರುವವರನ್ನೇ ಭೂತ ಮಾಡುವುದು ಸರಿಯಲ್ಲ.

ಹೊಡೆಯುವುದೂ ಬೇಡ. ಶಾಲೆಯಲ್ಲಿ ನಿಮಗೆ ಹೊಡೆಯಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಹನ್ನೆರಡು ವರ್ಷದ ನಿಮಗೆ ಇರುವ ರಕ್ಷಣೆ ಮನೆಯಲ್ಲಿರುವ ಎರಡು ವರ್ಷದ ತಂಗಿಗೆ ಬೇಡವೇ?

"ಹಾಗಾದರೆ ಕೇಳಿದ್ದೆಲ್ಲ ಕೊಟ್ಟುಬಿಡಬೇಕಾ?" ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಅತ್ತರೆ ಸಿಗುತ್ತದೆ ಎಂದು ಒಮ್ಮೆ ಕಲಿತ ಮಗು ನಾಳೆಯೂ ಅಳುತ್ತದೆ. ಬಲೂನು ಬೇಡ ಎಂದಿದ್ದರೆ ಬೇಡವೇ. ಮೊಬೈಲ್ ಕೈಗಿಟ್ಟು ಸುಮ್ಮನಾಗಿಸುವುದೂ ನನಗೆ ಒಪ್ಪಿಗೆಯಿಲ್ಲ. ಅದರಿಂದ ಮಗು ಬ್ರೇಕ್ ಹಾಕುವುದನ್ನು ಕಲಿಯುವುದಿಲ್ಲ. ಕತ್ತಿ, ಒಲೆ, ಬಾವಿಕಟ್ಟೆ ಇವುಗಳಿಂದ ದೂರ ಎತ್ತಿಕೊಂಡು ಹೋಗಿ. ಪಕ್ಕದಲ್ಲಿ ಕೂತುಕೊಳ್ಳಿ. ಆ ಹೊತ್ತಿನಲ್ಲಿ ಬುದ್ಧಿ ಹೇಳಿದರೆ ಕಿವಿಗೆ ಬೀಳುವುದಿಲ್ಲ. ಚೀರಾಟ ಇಳಿದು ಬಿಕ್ಕಳಿಕೆ ಉಳಿದಾಗ ಹತ್ತಿರ ಕರೆದು, "ಪುಟ್ಟಿಗೆ ಸಿಟ್ಟು ಬಂತಾ? ಹೊಟ್ಟೆ ಹಸಿದಿತ್ತಾ?" ಎಂದು ಕೇಳಿ. ಹೀಗೆ ನಿಮ್ಮ ಬಾಯಿಂದಲೇ ಅದು ಆ ಪದಗಳನ್ನು ಕಲಿಯುತ್ತದೆ. ಪದ ಬಂದಂತೆ ರಚ್ಚೆ ಕಡಿಮೆಯಾಗುತ್ತಾ ಹೋಗುತ್ತದೆ.

ಕೆಲವು ಮಕ್ಕಳು ಅಳುತ್ತಾ ಅಳುತ್ತಾ ಉಸಿರು ಕಟ್ಟಿ ನೀಲಿಗಟ್ಟುವುದುಂಟು. ಆಗ ತಕ್ಷಣ ದೊಡ್ಡವರನ್ನು ಕೂಗಿ. ಸಾಮಾನ್ಯವಾಗಿ ಉಸಿರು ತಾನಾಗಿ ಮರಳುತ್ತದೆ, ಆದರೂ ವೈದ್ಯರಿಗೆ ತೋರಿಸಲೇಬೇಕು. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿರುವ ಮಕ್ಕಳಲ್ಲಿ ಇದು ಹೆಚ್ಚು. ಐದಾರು ವರ್ಷ ದಾಟಿದ ಮೇಲೂ ದಿನವೂ ರಚ್ಚೆ, ತಲೆ ಚಚ್ಚಿಕೊಳ್ಳುವುದು ಇದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸುವಂತೆ ಮನೆಯಲ್ಲಿ ಹೇಳಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಣ ಕೊಡಬೇಕಿಲ್ಲ.

ನೀವೂ ಗುಡೆನಫ್ ಮಾಡಿಸಿದ ಕೆಲಸವನ್ನು ಮಾಡಬಹುದು. ಹಳೆಯ ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಾಲ್ಕು ಕಾಲಂ ಹಾಕಿ. ರಚ್ಚೆ ಶುರುವಾದ ಹೊತ್ತು, ಮುಗಿದ ಹೊತ್ತು, ಕೊನೆಯ ಸಲ ತಿಂದದ್ದು ಯಾವಾಗ, ಮಧ್ಯಾಹ್ನ ಮಲಗಿತ್ತೇ ಇಲ್ಲವೇ. ಎರಡು ವಾರ ಬರೆಯಿರಿ. ಬೇಕಾದರೆ ಇನ್ನೊಂದು ಪುಟದಲ್ಲಿ ನಿಮ್ಮ ಸಿಟ್ಟನ್ನೂ ಬರೆದುಕೊಳ್ಳಿ. ಅದನ್ನು ಯಾರಿಗೂ ತೋರಿಸಬೇಕಿಲ್ಲ.