ಗ್ರಾಹಕನ ಹಕ್ಕು, ಗ್ರಾಹಕನ ಹೊಣೆ: ರಶೀದಿ ಕೇಳುವುದು ಅಪನಂಬಿಕೆಯಲ್ಲ

ನಮ್ಮ ಜಮಾಅತಿನ ತಾಯಿಯೊಬ್ಬರು ಬೀಡಿ ಕಟ್ಟಿ, ಬಟ್ಟೆ ಹೊಲಿದು ಹಲವು ವರ್ಷ ಕೂಡಿಟ್ಟ ಹಣದಿಂದ ಮಗಳ ಮದುವೆಗೆಂದು ಆರು ಪವನ್ ಚಿನ್ನ ಖರೀದಿಸಿದರು. ಅಂಗಡಿಯಾತ ಪರಿಚಿತರೇ. ಜುಮಾದಲ್ಲಿ ಅವರ ಮಗನೊಂದಿಗೆ ಒಂದೇ ಸಫ್ಫಿನಲ್ಲಿ ನಿಲ್ಲುವವರು. "ಬಿಲ್ ಮಾಡಿದರೆ ತೆರಿಗೆ ಸೇರುತ್ತದೆ, ನಿಮಗೇಕೆ ಆ ಭಾರ?" ಎಂದು ಅವರು ಸಣ್ಣ ಚೀಟಿಯೊಂದರಲ್ಲಿ ತೂಕ ಮತ್ತು ಮೊತ್ತ ಬರೆದು ಕೊಟ್ಟರು. ಅದರ ಮೇಲೆ ಅಂಗಡಿಯ ಹೆಸರಿರಲಿಲ್ಲ, ಸಹಿಯೂ ಇರಲಿಲ್ಲ. ಆ ತಾಯಿ ನಗದು ಎಣಿಸಿ ಕೊಟ್ಟು, ದುಆ ಮಾಡಿ ಮನೆಗೆ ಬಂದರು.

ವರ್ಷ ಕಳೆಯುವುದರೊಳಗೆ ಮಗಳ ಮನೆಯಲ್ಲಿ ಹಣದ ಅಡಚಣೆ ಬಂತು. ಬಡ್ಡಿಗೆ ಅಡವಿಡಲು ಮನಸ್ಸೊಪ್ಪದೆ ಅವರು ಬಳೆಗಳನ್ನು ಮಾರಲು ಹೊರಟರು. ಬೇರೊಂದು ಅಂಗಡಿಯಲ್ಲಿ ಪರೀಕ್ಷಿಸಿದಾಗ ಚಿನ್ನದ ಶುದ್ಧತೆ ಹೇಳಿದ್ದಕ್ಕಿಂತ ಬಹಳ ಕಡಿಮೆ ಇರುವುದು ತಿಳಿಯಿತು. ಮೊದಲ ಅಂಗಡಿಗೆ ಮರಳಿದರೆ ಸಿಕ್ಕ ಉತ್ತರ ಒಂದೇ: "ಇದು ನಮ್ಮ ಮಾಲು ಎಂಬುದಕ್ಕೆ ಏನು ಆಧಾರ? ಬಿಲ್ ಎಲ್ಲಿದೆ?" ಮಸೀದಿಯ ಹಿರಿಯರು ಮಾತನಾಡಿ ನೋಡಿದರು. ಕೈಯಲ್ಲಿ ಸಾಕ್ಷ್ಯವಿಲ್ಲದ ಕಾರಣ ಅವರೂ ಮೌನವಾದರು. ಆ ತಾಯಿ ಕೊನೆಗೆ ಹೇಳಿದ್ದು ಇಷ್ಟೇ: "ನಮ್ಮವರಲ್ಲವೇ, ಬಿಲ್ ಕೇಳುವುದು ಹೇಗೆಂದು ಸುಮ್ಮನಾದೆ."

ಈ ಒಂದು ವಾಕ್ಯದಲ್ಲಿ ನಮ್ಮ ಸಮುದಾಯದ ದೊಡ್ಡ ದೌರ್ಬಲ್ಯವೊಂದು ಅಡಗಿದೆ. ರಶೀದಿ ಕೇಳುವುದನ್ನು ನಾವು ಅಪನಂಬಿಕೆ ಎಂದು ಭಾವಿಸಿದ್ದೇವೆ. ಅಂಗಡಿಯ ಅರಬಿ ಹೆಸರು, ಗೋಡೆಯ ಮೇಲಿನ ಆಯತ್, ಮಾಲಕರ ಗಡ್ಡ ಮತ್ತು ಟೋಪಿ, ಇವೇ ನಮಗೆ ಖಾತರಿ ಪತ್ರಗಳಾಗಿವೆ. ಉಮ್ರಾ ಯಾತ್ರೆಗೆ ಹಣ ಕಟ್ಟುವಾಗ ಹೋಟೆಲಿನ ಹೆಸರೇನು, ಅದು ಹರಮ್‌ನಿಂದ ಎಷ್ಟು ದೂರ ಎಂಬುದನ್ನು ಬರಹದಲ್ಲಿ ಕೇಳಲು ನಾವು ಸಂಕೋಚಪಡುತ್ತೇವೆ. ಹಲಾಲ್ ಲಾಭದ ಹೆಸರಿನಲ್ಲಿ ಹಣ ಸಂಗ್ರಹಿಸಿದ ಸಂಸ್ಥೆಯೊಂದು 2019ರಲ್ಲಿ ಬೆಂಗಳೂರಿನಲ್ಲಿ ಕುಸಿದಾಗ ಬೀದಿಗೆ ಬಂದ ಸಾವಿರಾರು ಕುಟುಂಬಗಳಲ್ಲಿ ಹೆಚ್ಚಿನವು ನಮ್ಮವೇ ಆಗಿದ್ದವು. ಧಾರ್ಮಿಕ ಚಿಹ್ನೆಗಳ ಮೇಲಿನ ಪ್ರೀತಿ ಒಳ್ಳೆಯದು. ಆದರೆ ಅದು ವಿವೇಚನೆಯ ಸ್ಥಾನವನ್ನು ಆಕ್ರಮಿಸಬಾರದು.

ಇಸ್ಲಾಮ್ ಈ ವಿಷಯದಲ್ಲಿ ಏನು ಹೇಳುತ್ತದೆ? ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದೆಂದು ಕೇಳಿದರೆ, ಅದು ನಮಾಝ್ ಅಥವಾ ಉಪವಾಸದ ಬಗ್ಗೆ ಇರಬಹುದೆಂದು ಅನೇಕರು ಊಹಿಸುತ್ತಾರೆ. ವಾಸ್ತವದಲ್ಲಿ ಅದು ಅಲ್ ಬಕರ ಅಧ್ಯಾಯದ 282ನೇ ಸೂಕ್ತ, ಹಣಕಾಸಿನ ವ್ಯವಹಾರವನ್ನು ಬರೆದಿಡುವ ಕುರಿತಾದದ್ದು. ಸಾಲದ ವ್ಯವಹಾರ ಸಣ್ಣದಿರಲಿ, ದೊಡ್ಡದಿರಲಿ, ಅವಧಿ ಸಹಿತ ಬರೆದಿಡಲು ಬೇಸರಿಸಬಾರದೆಂದು ಅದು ಕಲಿಸುತ್ತದೆ. ಕೈಯಿಂದ ಕೈಗೆ ನಡೆಯುವ ನಗದು ವ್ಯಾಪಾರವನ್ನು ಬರೆಯದಿದ್ದರೆ ದೋಷವಿಲ್ಲ ಎಂಬ ರಿಯಾಯಿತಿ ನೀಡಿದ ಬಳಿಕವೂ, ಕೊಳ್ಳುವ ಮತ್ತು ಮಾರುವ ಸಂದರ್ಭದಲ್ಲಿ ಸಾಕ್ಷಿಗಳನ್ನು ಇರಿಸಿಕೊಳ್ಳುವಂತೆ ಅದೇ ಸೂಕ್ತ ಹೇಳುತ್ತದೆ. ಬರೆದಿಡುವುದರಿಂದ ಸಂಶಯಕ್ಕೆ ಆಸ್ಪದ ಕಡಿಮೆಯಾಗುತ್ತದೆ ಎಂಬ ಕಾರಣವನ್ನೂ ಅದು ಕೊಡುತ್ತದೆ. ನಾವು ಸಂಶಯದ ಲಕ್ಷಣವೆಂದು ತಿಳಿದದ್ದನ್ನು ಕುರ್‌ಆನ್ ಸಂಶಯದ ಪರಿಹಾರವೆಂದು ಕರೆದಿದೆ.

ಈ ಸೂಕ್ತದ ಮೊದಲ ಶ್ರೋತೃಗಳು ಯಾರೆಂಬುದನ್ನೂ ಗಮನಿಸಬೇಕು. ಅವರು ಪ್ರವಾದಿ(ಸ)ರ ಸಹಾಬಿಗಳು. ಅವರಂತಹ ಪ್ರಾಮಾಣಿಕರ ಸಮೂಹಕ್ಕೇ ಬರೆದಿಡಿ, ಸಾಕ್ಷಿ ಇರಿಸಿ ಎಂಬ ಆದೇಶ ಬಂದಿರುವಾಗ ನಮ್ಮ ಊರಿನ ಪೇಟೆಗೆ ಅದು ಅನ್ವಯಿಸುವುದಿಲ್ಲ ಎನ್ನಲು ಸಾಧ್ಯವೇ? ಇಂದಿನ ಪೇಟೆಯಲ್ಲಿ ಇಬ್ಬರು ಸಾಕ್ಷಿಗಳನ್ನು ಕರೆದೊಯ್ಯುವುದು ಕಷ್ಟ. ಆ ಸಾಕ್ಷ್ಯದ ಕೆಲಸವನ್ನು ರಶೀದಿ ಮಾಡುತ್ತದೆ.

ಮಾರಾಟಗಾರನ ಹೊಣೆಯನ್ನಂತೂ ಪ್ರವಾದಿ(ಸ)ರು ಪೇಟೆಯಲ್ಲಿಯೇ ನಿಂತು ಕಲಿಸಿದರು. ಧಾನ್ಯದ ರಾಶಿಯೊಂದರೊಳಗೆ ಅವರು ಕೈ ಹಾಕಿದಾಗ ಬೆರಳುಗಳಿಗೆ ತೇವ ತಗಲಿತು. ಮಳೆಯಲ್ಲಿ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರು ಕಾಣುವಂತೆ ಒದ್ದೆಯಾದದ್ದನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ತಮ್ಮವನಲ್ಲವೆಂದು ಸ್ಪಷ್ಟಪಡಿಸಿದರು. ಹ. ಅಬೂ ಹುರೈರಾ(ರ) ವರದಿ ಮಾಡಿದ ಈ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ವ್ಯಾಪಾರದಲ್ಲಿ ಪದೇ ಪದೇ ಮೋಸ ಹೋಗುತ್ತಿದ್ದ ಒಬ್ಬರಿಗೆ, ವ್ಯವಹರಿಸುವಾಗ ಮೋಸವಿರಕೂಡದು ಎಂಬ ಷರತ್ತನ್ನು ಬಾಯಿಬಿಟ್ಟು ಹೇಳುವಂತೆ ಪ್ರವಾದಿ(ಸ)ರು ಕಲಿಸಿದ್ದು ಬುಖಾರಿಯಲ್ಲಿ ವರದಿಯಾಗಿದೆ. ಎಂದರೆ, ಪ್ರಶ್ನಿಸುವ ಗ್ರಾಹಕನನ್ನು ಅವರು ಗದರಿಸಲಿಲ್ಲ, ಸುಮ್ಮನಿದ್ದ ಗ್ರಾಹಕನಿಗೆ ಮಾತು ಕಲಿಸಿದರು. ಮಾಲಿನಲ್ಲಿ ದೋಷ ಕಂಡರೆ ಹಿಂತಿರುಗಿಸುವ ಹಕ್ಕನ್ನು ನಮ್ಮ ಫಿಕ್ಹ್ ವಿದ್ವಾಂಸರು ಇಂತಹ ವಚನಗಳ ಆಧಾರದಲ್ಲಿಯೇ ವಿಶದವಾಗಿ ಚರ್ಚಿಸಿದ್ದಾರೆ.

ಇದೇ ಆಶಯದ ಅನೇಕ ಅಂಶಗಳು ನಮ್ಮ ದೇಶದ ಕಾನೂನಿನಲ್ಲಿಯೂ ಇವೆ. 1986ರ ಕಾಯ್ದೆಯ ಬದಲಿಗೆ ಬಂದ ಗ್ರಾಹಕರ ಸಂರಕ್ಷಣಾ ಕಾಯ್ದೆ 2019, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಸುರಕ್ಷತೆ, ಮಾಹಿತಿ, ಆಯ್ಕೆ, ಅಹವಾಲು ಹೇಳಿಕೊಳ್ಳುವುದು, ಪರಿಹಾರ ಮತ್ತು ಗ್ರಾಹಕ ಜಾಗೃತಿ ಎಂಬ ಆರು ಹಕ್ಕುಗಳನ್ನು ಅದು ಗುರುತಿಸಿದೆ. ಬಿಲ್ ಅಥವಾ ರಶೀದಿ ಕೊಡದಿರುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅದೇ ಪಟ್ಟಿಯಲ್ಲಿದೆ. ಆದ್ದರಿಂದ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ ಎಂಬ ಫಲಕ ಅಂಗಡಿಯಲ್ಲಿ ತೂಗುತ್ತಿದ್ದರೂ ದೋಷಪೂರಿತ ವಸ್ತುವಿನ ಮಟ್ಟಿಗೆ ಅದಕ್ಕೆ ಬೆಲೆಯಿಲ್ಲ.

ಚಿನ್ನದ ವಿಷಯದಲ್ಲಿ ನಿಯಮಗಳು ಇನ್ನಷ್ಟು ಬಿಗಿಯಾಗಿವೆ. ಹಾಲ್‌ಮಾರ್ಕ್ ಕಡ್ಡಾಯವಾಗಿರುವ ಜಿಲ್ಲೆಗಳಲ್ಲಿ 2023ರ ಏಪ್ರಿಲ್ 1ರಿಂದ ಮಾರಾಟವಾಗುವ ಹಾಲ್‌ಮಾರ್ಕ್ ಆಭರಣದ ಮೇಲೆ ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಗುರುತು ಇರಲೇಬೇಕು. ಆ ಗುರುತನ್ನು ಭಾರತೀಯ ಮಾನಕ ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಅಂಗಡಿಯಲ್ಲಿ ಕುಳಿತೇ ಪರಿಶೀಲಿಸಬಹುದು. 22 ಕ್ಯಾರೆಟ್‌ಗೆ 916 ಎಂಬ ಅಂಕಿ ಇರುತ್ತದೆ. ಬಿಲ್ಲಿನಲ್ಲಿ ಪ್ರತಿಯೊಂದು ಆಭರಣದ ವಿವರ, ನಿವ್ವಳ ತೂಕ ಮತ್ತು ಶುದ್ಧತೆಯನ್ನು ಬರೆಯಬೇಕು. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಕಂಡುಬಂದರೆ ಆ ಕೊರತೆಯ ಮೌಲ್ಯದ ಎರಡು ಪಟ್ಟು ಪರಿಹಾರ ಮತ್ತು ಪರೀಕ್ಷಾ ಶುಲ್ಕ ಪಡೆಯುವ ಹಕ್ಕು ಕೊಂಡವರಿಗಿದೆ. ಆ ತಾಯಿಯ ಬಳಿ ಅಂತಹ ಒಂದು ಬಿಲ್ ಇದ್ದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ದೂರು ಕೊಡುವುದು ನಾವು ಭಾವಿಸಿದಷ್ಟು ಕಠಿಣವಲ್ಲ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ. ಅದರಿಂದ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 50 ಲಕ್ಷ ರೂಪಾಯಿ ಮೀರದ ಖರೀದಿಗೆ ಸಂಬಂಧಿಸಿದ ದೂರುಗಳನ್ನು ಅಲ್ಲಿ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂದಿಲ್ಲ. ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ಆದರೆ ವ್ಯಾಜ್ಯಕ್ಕೆ ಕಾರಣ ಉಂಟಾದಂದಿನಿಂದ 2 ವರ್ಷಗಳೊಳಗೆ ದೂರು ಸಲ್ಲಬೇಕು. ಉಮ್ರಾ ಪ್ಯಾಕೇಜ್, ಶುಲ್ಕ ಪಡೆಯುವ ಆಸ್ಪತ್ರೆ, ವಿಮಾ ಸಂಸ್ಥೆ ಮುಂತಾದವುಗಳ ಸೇವಾ ನ್ಯೂನತೆಯ ಬಗ್ಗೆಯೂ ಹೀಗೆಯೇ ದೂರು ಸಲ್ಲಿಸಬಹುದು.

ಇಲ್ಲಿ ಕೆಲವರು ಆಕ್ಷೇಪವೆತ್ತುತ್ತಾರೆ: ಸಹನೆ ವಹಿಸುವುದು ಲೇಸಲ್ಲವೇ? ಸಹೋದರನ ಮೇಲೆ ದೂರು ಕೊಡುವ ಬದಲು ಪರಲೋಕಕ್ಕೆ ಬಿಟ್ಟುಬಿಡಬಾರದೇ? ತನ್ನ ಹಕ್ಕನ್ನು ತಾನೇ ಕ್ಷಮಿಸುವುದು ಖಂಡಿತವಾಗಿಯೂ ಪುಣ್ಯಕಾರ್ಯ. ಆದರೆ ವಂಚಿಸುವವನನ್ನು ತಡೆಯದೆ ಬಿಟ್ಟರೆ ನಾಳೆ ಅವನ ಮುಂದೆ ಇನ್ನೊಬ್ಬ ತಾಯಿ ಕುಳಿತಿರುತ್ತಾಳೆ. ಅವಳ ಹಕ್ಕನ್ನು ಕ್ಷಮಿಸುವ ಅಧಿಕಾರ ನಮಗಿಲ್ಲ. ಸಹೋದರನು ಮರ್ದಿತನಿರಲಿ, ಮರ್ದಕನಿರಲಿ, ಅವನಿಗೆ ನೆರವಾಗಬೇಕೆಂದು ಪ್ರವಾದಿ(ಸ)ರು ಹೇಳಿದಾಗ, ಮರ್ದಕನಿಗೆ ನೆರವಾಗುವುದು ಹೇಗೆಂದು ಸಹಾಬಿಗಳು ಕೇಳಿದರು. ಅವನನ್ನು ಅನ್ಯಾಯದಿಂದ ತಡೆಯುವುದೇ ನೆರವು ಎಂದು ಅವರು ವಿವರಿಸಿದರು. ಇನ್ನೊಮ್ಮೆ ತನ್ನ ಸಾಲ ವಸೂಲಿಗೆ ಬಂದ ಒಬ್ಬಾತ ಪ್ರವಾದಿ(ಸ)ರೊಡನೆಯೇ ಒರಟಾಗಿ ಮಾತನಾಡಿದ. ಸಹಾಬಿಗಳು ಕೆರಳಿದಾಗ ಅವರನ್ನು ತಡೆದು, ಹಕ್ಕುದಾರನಿಗೆ ಮಾತನಾಡುವ ಹಕ್ಕಿದೆ ಎಂದು ತಿಳಿಸಿ, ಅವನಿಗೆ ಬರಬೇಕಾದದ್ದಕ್ಕಿಂತ ಉತ್ತಮವಾದ ಒಂಟೆಯನ್ನು ಕೊಡಿಸಿದರು. ಅಹವಾಲು ಕೇಳಿಸಿಕೊಳ್ಳುವ ರೀತಿಗೆ ಇದಕ್ಕಿಂತ ಮಿಗಿಲಾದ ಮಾದರಿ ಬೇಕೇ?

ಆದರೆ ಹಕ್ಕಿನ ಮಾತು ಇಲ್ಲಿಗೇ ನಿಂತರೆ ಅದು ಅರ್ಧ ಸತ್ಯವಾಗುತ್ತದೆ. ಆ ತಾಯಿಯ ಕಥೆಯನ್ನು ಮತ್ತೊಮ್ಮೆ ನೋಡೋಣ. ಬಿಲ್ ಇಲ್ಲದ ವ್ಯವಹಾರಕ್ಕೆ ಅಂಗಡಿಯಾತ ಮಾತ್ರ ಒಪ್ಪಿದ್ದಲ್ಲ, ಅವರೂ ಒಪ್ಪಿದ್ದರು. ಶೇಕಡಾ 3ರಷ್ಟು ಜಿಎಸ್‌ಟಿ ಉಳಿಸುವ ಆಸೆ ಅವರ ಏಕೈಕ ಸಾಕ್ಷ್ಯವನ್ನು ಕಸಿದುಕೊಂಡಿತು. ಅವರನ್ನು ದೂಷಿಸಲು ಇದನ್ನು ಬರೆಯುತ್ತಿಲ್ಲ. ನಮ್ಮಲ್ಲಿ ಹೆಚ್ಚಿನವರು ಇದೇ ಕೆಲಸವನ್ನು ಜಾಣತನವೆಂದು ಮಾಡುತ್ತೇವೆ.

ಅಲ್ ಮುತಫ್ಫಿಫೀನ್ ಅಧ್ಯಾಯವನ್ನು ನಾವು ವ್ಯಾಪಾರಿಗಳಿಗೆ ಮಾತ್ರ ಓದಿ ಹೇಳುತ್ತೇವೆ. ಅದರ ಆರಂಭದ ಸೂಕ್ತಗಳು ವಿನಾಶದ ಎಚ್ಚರಿಕೆ ನೀಡುವುದು ಯಾರಿಗೆ? ಜನರಿಂದ ಅಳೆದುಕೊಳ್ಳುವಾಗ ಪೂರ್ತಿ ಪಡೆದು, ಅವರಿಗೆ ಕೊಡುವಾಗ ಕಡಿಮೆ ಮಾಡುವವರಿಗೆ. ಈ ವರ್ಣನೆಯ ಮೊದಲರ್ಧ ಗ್ರಾಹಕನದೇ ಅಲ್ಲವೇ? ತನ್ನ ಹಕ್ಕನ್ನು ಒಂದು ಕಾಳೂ ಬಿಡದೆ ಪಡೆದು, ಇತರರ ಹಕ್ಕಿನಲ್ಲಿ ಕೈಬಿಗಿ ಮಾಡುವವನು ತಕ್ಕಡಿಯ ಯಾವ ಬದಿಯಲ್ಲಿ ನಿಂತಿದ್ದರೂ ಈ ಎಚ್ಚರಿಕೆ ಅವನಿಗೆ ಸಲ್ಲುತ್ತದೆ. ಹಬ್ಬಕ್ಕೆ ಆನ್‌ಲೈನ್‌ನಲ್ಲಿ ತರಿಸಿದ ಉಡುಪನ್ನು ಒಂದು ದಿನ ಉಟ್ಟು, ಅಳತೆ ಸರಿಯಿಲ್ಲವೆಂದು ಹಿಂತಿರುಗಿಸುವುದು ಸುಳ್ಳಲ್ಲವೇ? ಮಾಲ್‌ನಲ್ಲಿ ತುಟಿ ಬಿಚ್ಚದೆ ಬೆಲೆ ತೆತ್ತು, ಬಿಸಿಲಲ್ಲಿ ಕುಳಿತು ಸೊಪ್ಪು ಮಾರುವ ಅಜ್ಜಿಯೊಡನೆ ಎರಡು ರೂಪಾಯಿಗೆ ಜಗ್ಗಾಡುವುದು ನ್ಯಾಯವೇ? ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಹೆಸರಿದ್ದೂ, ಕೈಯಲ್ಲಿ ಹಣವಿದ್ದೂ, ತಿಂಗಳುಗಟ್ಟಲೆ ತೀರಿಸದಿರುವುದು ಯಾವ ಧರ್ಮ? ಉಳ್ಳವನು ಸಾಲ ತೀರಿಸಲು ಸತಾಯಿಸುವುದು ಅನ್ಯಾಯವೆಂದು ಪ್ರವಾದಿ(ಸ)ರು ಕಲಿಸಿದ್ದಾರೆ.

ಸುಳ್ಳು ದೂರಿನ ವಿಷಯ ಇನ್ನೂ ಗಂಭೀರ. ತಾವು ಮನುಷ್ಯರಾಗಿದ್ದು, ವಾದದಲ್ಲಿ ಒಬ್ಬನು ಇನ್ನೊಬ್ಬನಿಗಿಂತ ಮಾತಿನ ಚತುರನಾಗಿರಬಹುದು, ಅದನ್ನು ಕೇಳಿ ತಾವು ಒಬ್ಬನ ಹಕ್ಕನ್ನು ಇನ್ನೊಬ್ಬನಿಗೆ ಕೊಟ್ಟುಬಿಟ್ಟರೆ ಅವನು ಪಡೆದದ್ದು ಬೆಂಕಿಯ ತುಂಡೇ ಸರಿ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಆಯೋಗದ ತೀರ್ಪು ನಮ್ಮ ಪರವಾಗಿ ಬಂದ ಮಾತ್ರಕ್ಕೆ ಸುಳ್ಳು ಹೇಳಿ ಗಳಿಸಿದ ಪರಿಹಾರ ಹಲಾಲ್ ಆಗುವುದಿಲ್ಲ. ಕೋಪಕ್ಕೆ ಮೊಬೈಲಿನಲ್ಲಿ ಬರೆಯುವ ಉತ್ಪ್ರೇಕ್ಷೆಯ ವಿಮರ್ಶೆಯಿಂದ ಒಬ್ಬನ ಅನ್ನಕ್ಕೆ ಕಲ್ಲು ಬೀಳಬಹುದೆಂಬುದೂ ನೆನಪಿರಲಿ.

ಹಾಗಾದರೆ ನಾವು ಮಾಡಬೇಕಾದದ್ದೇನು? ಪ್ರತಿ ಮನೆಯಲ್ಲಿ ಬಿಲ್ಲುಗಳಿಗೆಂದು ಒಂದು ಕಡತವಿರಲಿ. ದೊಡ್ಡ ಖರೀದಿಗೆ ಸಾಧ್ಯವಾದರೆ ಬ್ಯಾಂಕ್ ಅಥವಾ ಯುಪಿಐ ಮೂಲಕ ಪಾವತಿಸೋಣ. ಬಿಲ್ ಕಳೆದುಹೋದರೂ ಆ ದಾಖಲೆ ಉಳಿಯುತ್ತದೆ. ಮದುವೆಯ ಚಿನ್ನ ಕೊಳ್ಳುವಾಗ ಮನೆಯ ಹೆಣ್ಣುಮಕ್ಕಳಿಗೂ ಗುರುತು ಪರಿಶೀಲಿಸುವುದನ್ನು ಕಲಿಸೋಣ. ಓದುಬರಹ ಬಾರದ ಹಿರಿಯರಿಗಾಗಿ ಒಂದು ದೂರು ಬರೆದು ಕೊಡುವ ಯುವಕರು ಪ್ರತಿ ಮೊಹಲ್ಲಾದಲ್ಲಿಯೂ ಸಿದ್ಧರಾಗಲಿ. ಅದೂ ಒಂದು ಸದಕಾ. ನಮ್ಮ ವ್ಯಾಪಾರಿ ಸಹೋದರರಾದರೋ ಗ್ರಾಹಕನು ಕೇಳುವ ಮುನ್ನವೇ ಬಿಲ್ ಬರೆದು ಕೈಗಿಡಲಿ. ಆಗ ಕೇಳುವ ಸಂಕೋಚ ಯಾರಿಗೂ ಉಳಿಯುವುದಿಲ್ಲ.

ಕೊಳ್ಳುವಾಗ, ಮಾರುವಾಗ ಮತ್ತು ತನ್ನ ಹಕ್ಕನ್ನು ಕೇಳುವಾಗ ಉದಾರವಾಗಿ ವರ್ತಿಸುವವನಿಗಾಗಿ ಪ್ರವಾದಿ(ಸ)ರು ಅಲ್ಲಾಹನ ಕರುಣೆಯನ್ನು ಪ್ರಾರ್ಥಿಸಿದ್ದಾರೆ. ಹಕ್ಕನ್ನು ಕೇಳುವುದು ಆ ಪ್ರಾರ್ಥನೆಗೆ ವಿರುದ್ಧವಲ್ಲ, ಅದರೊಳಗೇ ಇದೆ. ಕೇಳೋಣ, ಸೌಜನ್ಯದಿಂದ ಕೇಳೋಣ, ಪರರದ್ದನ್ನು ಅವರಿಗೆ ಕೊಟ್ಟು ಕೇಳೋಣ. ಇಂದು ಪೇಟೆಯಲ್ಲಿ ತೂಗಿದ್ದೆಲ್ಲವನ್ನೂ ನಾಳೆ ಅಲ್ಲಾಹನ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಲಿಕ್ಕಿದೆ.