ಮೊದಲು ನಾಲ್ಕು ಹೆಜ್ಜೆ, ಆಮೇಲೆ ಎಕ್ಸ್‌ರೇ

ಕಾಲು ಉಳುಕಿ ಕ್ಯಾಶುವಾಲ್ಟಿಗೆ ಬಂದವರಿಗೆಲ್ಲ ಎಕ್ಸ್‌ರೇ ಬರೆದುಕೊಡುವ ಚಾಳಿ ನಿಲ್ಲಬೇಕು. ಹೇಳುತ್ತಿರುವವನು ಎಕ್ಸ್‌ರೇ ತೆಗೆದೇ ಹೊಟ್ಟೆ ಹೊರೆದವನು. ಮಲೆನಾಡಿನ ತಾಲ್ಲೂಕು ಆಸ್ಪತ್ರೆಯೊಂದರ ನಿವೃತ್ತ ಟೆಕ್ನಿಷಿಯನ್.

ಮಳೆಗಾಲ ಹಿಡಿಯಿತೆಂದರೆ ನನ್ನ ಕೋಣೆಯ ಮುಂದಿನ ಬೆಂಚು ತುಂಬುತ್ತಿತ್ತು. ಪಾಚಿಗಟ್ಟಿದ ಅಂಗಳದಲ್ಲಿ ಜಾರಿದವರು, ತೋಟದ ಸಂಕ ದಾಟುವಾಗ ಕಾಲು ಹೊರಳಿದವರು, ಕಬಡ್ಡಿ ಹುಡುಗರು. ಎಷ್ಟೋ ಮಂದಿ ಕುಂಟುತ್ತ ತಾವೇ ನಡೆದು ಬಂದಿರುತ್ತಿದ್ದರು. ಕ್ಯಾಸೆಟ್ ಮೇಲೆ ಹಿಮ್ಮಡಿ ಊರಿಸಿ ಪಾದವನ್ನು ತುಸು ಒಳಕ್ಕೆ ತಿರುಗಿಸಿದರೆ ನೋವಿಗೆ ಹಲ್ಲು ಕಚ್ಚುವರು. ಫಿಲ್ಮ್ ನೋಡಿದರೆ ಹೊರಗಿಣ್ಣಿನ ಸುತ್ತ ಊದಿದ ಮಾಂಸದ ಮಸುಕು ನೆರಳು, ಮೂಳೆ ಗಟ್ಟಿಮುಟ್ಟು. ಊತ ಬರಿಗಣ್ಣಿಗೇ ಕಾಣುತ್ತಿತ್ತಲ್ಲ!

ಕೆನಡಾದ ಆಟವಾ ನಗರದ ತುರ್ತು ಚಿಕಿತ್ಸಾ ವೈದ್ಯ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲೇ ಇದಕ್ಕೊಂದು ನಿಯಮ ರೂಪಿಸಿದರು. ಬೇಕಾದ್ದು ಹೆಬ್ಬೆರಳು ಮಾತ್ರ. ಕಾಲಿನ ಒಳಗಿಣ್ಣು, ಹೊರಗಿಣ್ಣು ಎರಡರ ಹಿಂದಿನ ಅಂಚನ್ನೂ ತುದಿಯಿಂದ 6 ಸೆಂಟಿಮೀಟರ್ ಮೇಲಿನವರೆಗೆ ಒತ್ತಿ ನೋಡಬೇಕು. ನೋವು ಪಾದದ ನಡುವೆ ಇದ್ದರೆ ಕಿರುಬೆರಳಿನ ಸಾಲಿನಲ್ಲಿ ಹೊರಅಂಚಿಗೆ ಸಿಗುವ ಉಬ್ಬನ್ನೂ ಒಳಬದಿಯ ದೋಣಿಯಾಕಾರದ ಮೂಳೆಯನ್ನೂ ಒತ್ತಬೇಕು. ಆಮೇಲೆ ನಾಲ್ಕು ಹೆಜ್ಜೆ ನಡೆಸಬೇಕು. ಕುಂಟಿದರೂ ನಡೆದ ಲೆಕ್ಕವೇ. ಒತ್ತಿದಾಗ ಮೂಳೆಯೇ ನೊಂದರೆ, ಇಲ್ಲವೇ ಬಿದ್ದಾಗಲೂ ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ. ಎರಡೂ ಇಲ್ಲವೆಂದರೆ ಬೇಡ. ಎಳೆ ಮಕ್ಕಳಿಗೆ, ಕುಡಿದು ಬಂದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಈ ಲೆಕ್ಕ ನಡೆಯದು.

ಈ ನಿಯಮ ಪಾಲಿಸಿದ ಆಸ್ಪತ್ರೆಯಲ್ಲಿ ಗಿಣ್ಣಿನ ಎಕ್ಸ್‌ರೇ ಶೇ 28ರಷ್ಟು ಇಳಿಯಿತೆಂದು 1994ರಲ್ಲಿ ಅದೇ ತಂಡ ವರದಿ ಮಾಡಿತು. ಮೂಳೆ ಮುರಿಯದವರ ಪೈಕಿ ಎಕ್ಸ್‌ರೇ ಇಲ್ಲದೆ ಹೋದವರಿಗೆ ಆಸ್ಪತ್ರೆಯಲ್ಲಿ ಹಿಡಿದದ್ದು ಸರಾಸರಿ 80 ನಿಮಿಷ, ತೆಗೆಸಿಕೊಂಡವರಿಗೆ 116. ಸಮಾಧಾನ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ‘ಫೋಟೋ ತೆಗೆಯದಿದ್ದರೆ ಜನ ಒಪ್ಪುವುದಿಲ್ಲ ಕಣ್ರೀ’ ಎನ್ನುವ ಡಾಕ್ಟರುಗಳು ಇದನ್ನು ಗಮನಿಸಬೇಕು.

ವಿಕಿರಣದ ಗುಮ್ಮ ತೋರಿಸಲು ನಾನು ಹೊರಟಿಲ್ಲ. ಪಾದದ ಎಕ್ಸ್‌ರೇಯಿಂದ ಮೈಗೆ ತಗಲುವುದು, ಒಂದು ದಿನ ಮನೆಯಲ್ಲಿ ಸುಮ್ಮನೆ ಕೂತರೂ ನೆಲ-ಆಕಾಶಗಳಿಂದ ಬರುವುದಕ್ಕಿಂತ ಕಡಿಮೆ. ತಲೆಯ ಸಿಟಿ ಸ್ಕ್ಯಾನ್ ಮಾತು ಬೇರೆ, ಅದು ಹತ್ತಿರ ಹತ್ತಿರ 2 ಮಿಲಿಸೀವರ್ಟ್. ನನ್ನ ತಕರಾರು ಸರದಿಯದು. ರಾತ್ರಿ ಪಾಳಿಗೆ ಇರುವುದು ಒಂದು ಮೆಷಿನ್, ಒಬ್ಬ ಟೆಕ್ನಿಷಿಯನ್. ಉಳುಕಿದ ಕಾಲುಗಳ ಹಿಂದೆ ಬೈಕಿನಿಂದ ಬಿದ್ದು ಸೊಂಟ ಜಜ್ಜಿದವನು ಸ್ಟ್ರೆಚರ್ ಮೇಲೆ ನರಳುತ್ತಿರುತ್ತಾನೆ.

ಡಾಕ್ಟರರ ಅಂಜಿಕೆ ಸುಳ್ಳಲ್ಲ. ಹಣ ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿದೆ. ನರ್ಸಿಂಗ್ ಹೋಮಿನವರಿಗೆ ಫಿಲ್ಮ್ ಒಂದು ರಕ್ಷೆ. (ಮೆಷಿನ್ನಿನ ಸಾಲದ ಕಂತೂ ಇರುತ್ತದೆನ್ನಿ.) ಹೊಡೆದಾಟದ ಮೆಡಿಕೋ-ಲೀಗಲ್ (ಎಂಎಲ್‌ಸಿ) ಕೇಸುಗಳ ವಿಷಯದಲ್ಲಿ ನನಗೆ ತಕರಾರಿಲ್ಲ. ಮೂಳೆ ಮುರಿದರೆ ಕಾನೂನಿನ ಕಣ್ಣಲ್ಲಿ ಅದು ತೀವ್ರ ಗಾಯ. ಆ ಫಿಲ್ಮ್ ಪೊಲೀಸರದು, ಬೇಕೇ ಬೇಕು. ಅಂಗಳದಲ್ಲಿ ಜಾರಿದ ಅಜ್ಜಿಗೆ ಮಾತ್ರ ಯಾವ ಕೋರ್ಟು?

ಆರೋಗ್ಯ ಇಲಾಖೆ ಮಾಡಬೇಕಾದದ್ದು ದುಡ್ಡಿನ ಕೆಲಸವಲ್ಲ. ನಿಯಮವನ್ನು ಕನ್ನಡದಲ್ಲಿ, ಕಾಲಿನ ಚಿತ್ರದ ಸಮೇತ ಅಚ್ಚು ಹಾಕಿಸಿ ಕ್ಯಾಶುವಾಲ್ಟಿಯ ಗೋಡೆಗೆ ಅಂಟಿಸಲಿ. ಮೊದಲು ರೋಗಿಯನ್ನು ನೋಡುವ ಸ್ಟಾಫ್ ನರ್ಸ್‌ಗಳಿಗೆ ಹೆಬ್ಬೆರಳು ಎಲ್ಲಿ ಒತ್ತಬೇಕೆಂದು ಕಲಿಸಲಿ. ‘ಮೂಳೆಯ ಮೇಲೆ ನೋವಿಲ್ಲ, ನಾಲ್ಕು ಹೆಜ್ಜೆ ನಡೆದರು, ವಾರದಲ್ಲಿ ನೋವು ಇಳಿಯದಿದ್ದರೆ ಮತ್ತೆ ಬರಲು ಹೇಳಿದೆ’ ಎಂದು ಡಾಕ್ಟರು ಚೀಟಿಯಲ್ಲಿ ಬರೆದು ಸಹಿ ಹಾಕಿದರೆ, ಮುಂದೆ ದೂರು ಬಂದಾಗ ಇಲಾಖೆ ಆ ಬರಹದ ಬೆನ್ನಿಗೆ ನಿಲ್ಲುತ್ತದೆಂದು ಸುತ್ತೋಲೆ ಹೊರಡಿಸಲಿ. ಇದಿಲ್ಲದೆ ಬರಿಯ ಪೋಸ್ಟರ್ ಅಂಟಿಸಿದರೆ ಯಾವ ಡ್ಯೂಟಿ ಡಾಕ್ಟರೂ ಅದನ್ನು ನಂಬಿ ರೋಗಿಯನ್ನು ಮನೆಗೆ ಕಳಿಸುವುದಿಲ್ಲ.