ಆ ಹತ್ತು ಅಂಕ ನಮ್ಮದಲ್ಲ

ಕಳೆದ ತಿಂಗಳು ನಡೆದ ಕ್ವಿಜ್‌ನಲ್ಲಿ ಒಂದು ಪ್ರಶ್ನೆ ಬಂತು: '1871ರಲ್ಲಿ ಅಮೆರಿಕದ ಷಿಕಾಗೊ ನಗರ ಸುಟ್ಟುಹೋಗಲು ಕಾರಣವಾದ ಪ್ರಾಣಿ ಯಾವುದು?' ನಾನೇ ಬಜರ್ ಒತ್ತಿ 'ಹಸು' ಎಂದೆ. ಎಲ್ಲರೂ ನಕ್ಕರು, ಹತ್ತು ಅಂಕ ಸಿಕ್ಕಿತು. ಕಾಮರ್ಸ್ ತಂಡಕ್ಕೆ ಎರಡನೇ ಸ್ಥಾನ ಬಂದದ್ದು ಅದರಿಂದಲೇ. ಆದರೆ ಆ ಉತ್ತರ ತಪ್ಪು. ಆ ಪ್ರಶ್ನೆಯನ್ನು ಇನ್ನು ಯಾರೂ ಕೇಳಬಾರದು ಎಂಬುದು ನನ್ನ ಅಭಿಪ್ರಾಯ.

ಮನೆಗೆ ಹೋಗಿ ಅಮ್ಮಿಗೆ ಈ ಕಥೆ ಹೇಳಿದೆ. ಒಬ್ಬ ಹೆಂಗಸು ಹಾಲು ಕರೆಯುತ್ತಿದ್ದಳಂತೆ, ಹಸು ಲಾಟೀನು ಒದ್ದಿತಂತೆ, ಊರೇ ಸುಟ್ಟಿತಂತೆ. ಅಮ್ಮಿ ಅಕ್ಕಿ ಆರಿಸುತ್ತಾ ಉರ್ದುವಿನಲ್ಲಿ ಕೇಳಿದ್ದು ಒಂದೇ ಮಾತು: 'ಆ ಹೆಂಗಸು ಏನು ಹೇಳಿದಳು?' ನನಗೆ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದೆ.

ಅವರ ಹೆಸರು ಕ್ಯಾಥರೀನ್ ಓಲಿಯರಿ. ಐರ್ಲೆಂಡಿನಿಂದ ವಲಸೆ ಬಂದ ಬಡ ಕ್ಯಾಥೊಲಿಕ್ ಕುಟುಂಬ. ಡಿಕೋವನ್ ಬೀದಿಯ ಮನೆಯ ಹಿಂದೆ ಹಸು ಕಟ್ಟಿಕೊಂಡು ಹಾಲು ಮಾರುತ್ತಿದ್ದರು. ಅಕ್ಟೋಬರ್ 8ರ ಭಾನುವಾರ ರಾತ್ರಿ ಸುಮಾರು ಒಂಬತ್ತಕ್ಕೆ ಬೆಂಕಿ ಕಾಣಿಸಿದ್ದು ಅವರ ಕೊಟ್ಟಿಗೆಯ ಬಳಿ, ಇದು ನಿಜ. ಆದರೆ ಆಗ ನಾವು ಮಲಗಿದ್ದೆವು ಎಂದು ಅವರು ವಿಚಾರಣೆಯಲ್ಲಿ ಹೇಳಿದರು. ರಾತ್ರಿ ಒಂಬತ್ತಕ್ಕೆ ಯಾರು ಹಾಲು ಕರೆಯುತ್ತಾರೆ? ನಮ್ಮ ಓಣಿಯಲ್ಲಿ ಹಸು ಸಾಕಿದವರನ್ನು ಕೇಳಿದರೂ ಸಾಕಿತ್ತು. ಮರುದಿನವೇ ಪತ್ರಿಕೆಯೊಂದು ಹಸುವಿನ ಕಥೆ ಅಚ್ಚು ಹಾಕಿತು. ಇನ್ನೊಂದು ಪತ್ರಿಕೆ ನಲವತ್ತರ ಆಸುಪಾಸಿನ ಅವರನ್ನು ಎಪ್ಪತ್ತರ ಮುದುಕಿ ಮಾಡಿ, ಸೇಡಿಗಾಗಿ ಊರು ಸುಟ್ಟಳು ಎಂದು ಬರೆಯಿತು. ಅಧಿಕಾರಿಗಳು ದಿನಗಟ್ಟಲೆ ಸಾಕ್ಷಿ ಕೇಳಿ, ಬೆಂಕಿ ಹೇಗೆ ಹತ್ತಿತೆಂದು ತಿಳಿಯದು ಎಂದರು. ಅದನ್ನು ಯಾರು ನೆನಪಿಟ್ಟರು? ಹೊರಗಿನಿಂದ ಬಂದವರ ಮೇಲೆ, ಬೇರೆ ಪಂಥದವರ ಮೇಲೆ ಹೊರಿಸಿದ ಮಾತು ಬೇಗ ಹರಡುತ್ತದೆ. ಇದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಬಿಸಿನೆಸ್ ಸ್ಟಡೀಸ್‌ನ ವಿಮೆ ಪಾಠದಲ್ಲಿ 'ಪ್ರಾಕ್ಸಿಮೇಟ್ ಕಾಸ್' ಎಂಬ ತತ್ವವಿದೆ. ನಷ್ಟಕ್ಕೆ ಹಲವು ಕಾರಣಗಳಿದ್ದರೆ ನಿಜವಾಗಿ ಕೆಲಸ ಮಾಡಿದ ಕಾರಣವನ್ನು ಹುಡುಕಬೇಕು. ಷಿಕಾಗೊಗೆ ಇದನ್ನು ಹಾಕಿ ನೋಡಿ. ಬೇಸಿಗೆಯಿಂದ ಸರಿಯಾಗಿ ಮಳೆಯಿಲ್ಲ. ಮನೆಗಳು ಮರದವು, ಕಾಲುದಾರಿಗಳೂ ಮರದವು. ಹಿಂದಿನ ದಿನವಷ್ಟೇ ದೊಡ್ಡ ಬೆಂಕಿ ಆರಿಸಿ ಅಗ್ನಿಶಾಮಕದವರು ಸುಸ್ತಾಗಿದ್ದರು. ಗೋಪುರದ ಕಾವಲುಗಾರ ಜಾಗ ತಪ್ಪಾಗಿ ಗುರುತಿಸಿದ್ದರಿಂದ ಬಂಡಿಗಳು ಬೇರೆ ಕಡೆ ಹೋದವು. ಜೋರು ಗಾಳಿ ಬೇರೆ. ಕೊನೆಗೆ ನೀರು ಪೂರೈಸುವ ಪಂಪ್‌ಹೌಸ್ ಕೂಡ ಹೊತ್ತಿಕೊಂಡಿತು. ಸುಮಾರು 300 ಜನ ಸತ್ತರು, ಲಕ್ಷದಷ್ಟು ಜನ ಮನೆ ಕಳೆದುಕೊಂಡರು. ಪರಿಹಾರ ಕೊಡಲಾಗದೆ ಅನೇಕ ವಿಮಾ ಕಂಪನಿಗಳೇ ಮುಳುಗಿದವು. ಇಷ್ಟೆಲ್ಲವನ್ನೂ ಒಂದು ಹಸುವಿನ ಕಾಲಿಗೆ ಕಟ್ಟಿದರೆ ಮರದ ಊರು ಕಟ್ಟಿದವರು ಉತ್ತರ ಕೊಡಬೇಕಾಗಿಲ್ಲ.

ಓಲಿಯರಿ 1895ರಲ್ಲಿ ತೀರಿಕೊಂಡರು. ಜನ ಗೇಲಿ ಮಾಡುತ್ತಾರೆಂದು ಫೋಟೋ ತೆಗೆಸಿಕೊಳ್ಳಲೂ ಅವರು ಒಪ್ಪುತ್ತಿರಲಿಲ್ಲ. ಷಿಕಾಗೊ ನಗರಸಭೆ ಅವರನ್ನೂ ಹಸುವನ್ನೂ ನಿರ್ದೋಷಿ ಎಂದು ನಿರ್ಣಯ ಮಾಡಿದ್ದು 1997ರಲ್ಲಿ. ಅವರ ಮನೆಯಿದ್ದ ಜಾಗದಲ್ಲಿ ಮುಂದೆ ಅಗ್ನಿಶಾಮಕ ತರಬೇತಿ ಕೇಂದ್ರ ಬಂತು.

ಕೆಲವರು 'ಕ್ವಿಜ್ ತಾನೆ, ತಮಾಷೆಗೆ' ಎನ್ನಬಹುದು. ತಮಾಷೆ ಬೇಕಿದ್ದರೆ ನೂರು ಪ್ರಶ್ನೆಗಳಿವೆ. ಷಿಕಾಗೊ ತನ್ನ ನದಿಯನ್ನೇ 1900ರಲ್ಲಿ ಹಿಂದಕ್ಕೆ ಹರಿಯುವಂತೆ ತಿರುಗಿಸಿತು, ಅದನ್ನು ಕೇಳಿ. ಇಲ್ಲವೇ, ಅದೇ ಅಕ್ಟೋಬರ್ 8ರ ರಾತ್ರಿ ವಿಸ್ಕಾನ್ಸಿನ್‌ನ ಪೆಷ್ಟಿಗೊ ಎಂಬ ಊರಿನ ಸುತ್ತ ಕಾಡ್ಗಿಚ್ಚಿಗೆ ಸಾವಿರಕ್ಕೂ ಹೆಚ್ಚು ಜನ ಬಲಿಯಾದರು, ಅದನ್ನು ಕೇಳಿ. ನನಗಂತೂ ಆ ಊರಿನ ಹೆಸರೇ ಗೊತ್ತಿರಲಿಲ್ಲ.

ನಮ್ಮ ಹತ್ತು ಅಂಕ ಕಳೆದರೆ ಎರಡನೇ ಸ್ಥಾನ ಸೈನ್ಸ್ ತಂಡಕ್ಕೆ ಹೋಗುತ್ತದೆ. ಕಳೆಯಿರಿ ಎಂದು ಕ್ವಿಜ್ ನಡೆಸಿದ ಸರ್‌ಗೆ ಬರೆದುಕೊಟ್ಟಿದ್ದೇನೆ. ನನ್ನ ತಂಡದವರಿಗೆ ಇನ್ನೂ ಹೇಳಿಲ್ಲ, ಇದನ್ನು ಓದಿಯೇ ತಿಳಿಯಲಿ.